ಮನೆಯಲ್ಲಿ ಕಾಫಿ ಮಾಡುವ ಬಗೆಗಳು



ಕಾಫಿಯ ವಿಷಯವಾಗಿ ಮಾತನಾಡಹೊರಡುವವನಿಗೆ ಒಂದು ಸೌಕರ್ಯವೂ ಒಂದು ಸಂಕಟವೂ ಉಂಟು. ಕೇಳುವವರಿಗೆ ಆ ವಸ್ತುವಿನ ಪರಿಚಯ ಮಾಡಿಕೊಡಬೇಕಾದ ಶ್ರಮವಿಲ್ಲ, ಇದು ಸೌಕರ್ಯ. ಕೇಳುವವರಲ್ಲಿ ಪ್ರತಿಯೊಬ್ಬರೂ ಆ ವಿಷಯದಲ್ಲಿ ಪಂಡಿತರೇ ಆಗಿರುತ್ತಾರೆ, ಇದು ಸಂಕಟ. ಸಂಗೀತ, ವೈದ್ಯ, ರಾಜಕಾರಣ ಇವುಗಳಲ್ಲಿ ತಮಗೆ ಅಷ್ಟಾಗಿ ತಿಳಿಯದೆಂದು ಹೇಳುವ ವಿನಯಶಾಲಿಗಳು ನಮ್ಮಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಕಾಫಿಯ ವಿಷಯದಲ್ಲಿ ಅಂಥವರು ಸಿಕ್ಕುವುದು ದುರ್ಲಭ. ನಮ್ಮ ಮನೆಯದೇ ಕಾಫಿ, ಪಕ್ಕದ ಮನೆಯದು ಬಣ್ಣದ ನೀರು, ಹೋಟೆಲಿನದು ಬರಿಯ ಚಿಕೋರಿ, ಹಳ್ಳಿಯದು ಕಷಾಯ, ಎಂಬುದು ಪಟ್ಟಣದ ಪ್ರತಿ ಮನೆಯಲ್ಲಿಯೂ ಪ್ರತಿದಿನವೂ ಹೊರಡುವ ತೀರ್ಪು.

ಈ ತೀರ್ಪಿನ ಕೊನೆಯ ಭಾಗವನ್ನು ಇಂದು ಮರುವಿಚಾರಣೆಗೆ ತೆಗೆದುಕೊಳ್ಳಬೇಕೆಂದಿದ್ದೇನೆ. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಮೈಸೂರಿನ ದಕ್ಷಿಣಕ್ಕೆ ನಂಜನಗೂಡು. ಆ ತಾಲ್ಲೂಕಿನಲ್ಲಿ ದೇವನೂರೆಂಬ ಗ್ರಾಮವುಂಟು. ಲಕ್ಷ್ಮೀಶ ಕವಿಯ ಹೆಸರಿನೊಡನೆ ಸೇರಿಬಂದಿರುವ ಕಡೂರು ತಾಲ್ಲೂಕಿನ ದೇವನೂರು ಬೇರೆ. ಇದು ‘ಕುಸುಮಬಾಲೆ’ಯನ್ನು ಬರೆದ ದೇವನೂರ ಮಹಾದೇವ ಅವರ ಹುಟ್ಟೂರು. ಆ ದೇವನೂರು ಕಾಫಿಯನ್ನು ಬೆಳೆಯುವ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು; ಈ ದೇವನೂರು ಕಾಫಿಯನ್ನು ಕೊಂಡು ಕುಡಿಯುವ ಬಯಲಿನದು. ನೀರು ಹರಿದ ಕಡೆ ಬತ್ತ, ಕಬ್ಬು, ಹರಿಯದ ಕಡೆ ರಾಗಿ, ಹುರುಳಿ ಬೆಳೆಯುವ ಈ ಸೀಮೆಯಲ್ಲಿ, ತಿರುಮಕೂಡಲು ನರಸೀಪುರದವರೆಗೂ, ಹಳ್ಳಿಯ ಮನೆಗಳ ಹಳೆಯ ಕಾಫಿಯೆಂದರೆ ಬೆಲ್ಲದ ಕಾಫಿ. ಪಟ್ಟಣದಿಂದ ನೆಂಟರೊಬ್ಬರು ಬಂದರೆಂದರೆ, “ನಮ್ದು ಬೆಲ್ಲದ ಕಾಪಿ ಕನಣ್ಣ, ನಿಮ್ಗೆ ಒಗ್ಗುತ್ತೋ ಇಲ್ವೋ” ಎಂದು ಮನೆಯವರು ಸಂಕೋಚಪಡುವುದುಂಟು. ಹುಡುಗನನ್ನು ಅಂಗಡಿಗೆ ಓಡಿಸಿ ಸಕ್ಕರೆಯನ್ನೂ, ಬಿಸಿನೀರಿಗೆ ಹಾಕಿದರೆ ಕರಗುವ ಕಾಫಿಯ ಪೊಟ್ಟಣವನ್ನೂ ತರಿಸುವುದುಂಟು. ಈ ಸಂಕೋಚಕ್ಕೆ ಕಾರಣವಿದೆಯೇ? ಕಾಫಿ ಮಾಡುವ ಬಗೆಗಳಲ್ಲಿ ಮೇಲು ಕೀಳು ಎಂಬುದು ಉಂಟೇ? ಉಂಟಾದರೆ ಅದನ್ನು ಅಳೆಯುವ ಕೋಲು ಯಾವುದು? ಇವೇ ನನ್ನ ಇಂದಿನ ಪ್ರಶ್ನೆಗಳು.

ಕಾಫಿಯು ನಮ್ಮ ನಾಡಿಗೆ ಬಂದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆಯಿಂದ ಹಿಂತಿರುಗುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಆದರೆ ಬೆಟ್ಟದಲ್ಲಿ ಬೆಳೆದ ಬೀಜವು ಬಯಲಿನ ಅಡಿಗೆಮನೆಗೆ ಇಳಿದುಬರಲು ಬಹುಕಾಲ ಹಿಡಿಯಿತು. ಬ್ರಿಟಿಷರ ಕಾಲದಲ್ಲಿ ನಮ್ಮ ತೋಟಗಳ ಬೆಳೆಯೆಲ್ಲ ಹೆಚ್ಚಾಗಿ ಹಡಗು ಹತ್ತುತ್ತಿತ್ತು. 1930ರ ದಶಕದಲ್ಲಿ ಹೊರದೇಶಗಳಲ್ಲಿ ಬೆಲೆ ಕುಸಿದಾಗಲೇ ಈ ದೇಶದ ಜನರೂ ಕಾಫಿ ಕುಡಿಯುವಂತೆ ಮಾಡಬೇಕೆಂಬ ಪ್ರಯತ್ನವು ಮೊದಲಾಯಿತು. 1935ರಲ್ಲಿ ಅದಕ್ಕಾಗಿ ಕಾಫಿಯ ಮೇಲೆ ಒಂದು ತೆರಿಗೆಯನ್ನು ವಿಧಿಸುವ ಕಾನೂನೂ ಬಂದಿತು. ಯುದ್ಧವು ಯೂರೋಪಿನ ಮಾರುಕಟ್ಟೆಗಳನ್ನು ಮುಚ್ಚಿದ ಮೇಲೆ ಕಾಫಿ ಮಂಡಲಿಯು ಈ ಕೆಲಸವನ್ನು ಮುಂದುವರಿಸಿತು. ಬೆಳಗಿನ ತಂಗಳು, ಮಜ್ಜಿಗೆ, ಅಂಬಲಿಗಳ ಸ್ಥಾನವನ್ನು ಕಾಫಿಯು ಆಕ್ರಮಿಸಿದುದು ಹೀಗೆ, ಕೆಲವು ತಲೆಮಾರುಗಳ ಒಳಗೆ.

ಇನ್ನು ವಿಷಯಕ್ಕೆ ಬರೋಣ. ಹುರಿದ ಕಾಫಿಬೀಜದ ತೂಕದಲ್ಲಿ ನೀರಿನಲ್ಲಿ ಕರಗತಕ್ಕ ಅಂಶವು ನೂರಕ್ಕೆ ಸುಮಾರು 30 ಭಾಗ ಮಾತ್ರ. ಮಿಕ್ಕದ್ದೆಲ್ಲ ಸೌದೆಯ ಪುಡಿಯಂತೆ ಕರಗದ ನಾರು. ಈ ಮೂವತ್ತನ್ನೂ ಸೆಳೆದುಬಿಡುವುದು ಜಾಣತನವೆಂದು ತೋರಬಹುದು; ಆದರೆ ಹಾಗಲ್ಲ. ಅಮೆರಿಕದಲ್ಲಿ ಲಾಕ್‌ಹಾರ್ಟ್ ಎಂಬ ರಸಾಯನಶಾಸ್ತ್ರಜ್ಞರು 1950ರ ದಶಕದಲ್ಲಿ ಪರೀಕ್ಷೆಗಳನ್ನು ಮಾಡಿ, ಅಲ್ಲಿನವರ ರುಚಿಗೆ 18ರಿಂದ 22 ಭಾಗದವರೆಗೆ ಸೆಳೆದ ಕಾಫಿಯೇ ಮೆಚ್ಚಿಗೆಯಾಗುತ್ತದೆಂದು ಕಂಡುಕೊಂಡರು. ಇದರ ಕಾರಣವು ಸುಲಭ. ಬಿಸಿನೀರು ತಾಗಿದಾಗ ಪುಡಿಯಿಂದ ಎಲ್ಲ ರಸಗಳೂ ಏಕಕಾಲದಲ್ಲಿ ಹೊರಡುವುದಿಲ್ಲ. ಮೊದಲು ಹುಳಿ ಮತ್ತು ಪರಿಮಳ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಬೇಗ ನಿಲ್ಲಿಸಿದರೆ ಕಾಫಿ ಹುಳಿಯಾಗಿ ಪೇಲವವಾಗುತ್ತದೆ. ಬಹುಕಾಲ ಬಿಟ್ಟರೆ ನಾಲಗೆ ಹಿಡಿಯುವ ಕಹಿಯಾಗುತ್ತದೆ. ಇವೆರಡರ ನಡುವೆ ಕೈ ತಡೆಯುವುದೇ ಕಾಫಿ ಮಾಡುವ ವಿದ್ಯೆ.

ಕೈ ತಡೆಯುವುದಕ್ಕೆ ನಮಗಿರುವ ಉಪಾಯಗಳು ನಾಲ್ಕು: ಪುಡಿಯ ತರಿ, ನೀರಿನ ಶಾಖ, ಹಿಡಿಯುವ ಹೊತ್ತು, ಪುಡಿಗೂ ನೀರಿಗೂ ಇರುವ ಪ್ರಮಾಣ. ಪುಡಿ ನುಣ್ಣಗಾದಷ್ಟೂ ರಸವು ಬೇಗ ಬಿಡುತ್ತದೆ, ತರಿಯಾದಷ್ಟೂ ನಿಧಾನ. ಆದುದರಿಂದ ಸ್ವಲ್ಪ ಹೊತ್ತು ಹಿಡಿಯುವ ಬಗೆಗೆ ನುಣ್ಣನೆಯ ಪುಡಿ, ಬಹಳ ಹೊತ್ತು ಹಿಡಿಯುವ ಬಗೆಗೆ ತರಿ ಪುಡಿ. ನೀರಿನ ಶಾಖವು 90ರಿಂದ 96 ಡಿಗ್ರಿ ಸೆಂಟಿಗ್ರೇಡಿನವರೆಗೆ ಇರುವುದು ಉತ್ತಮವೆಂದು ತಿಳಿದವರು ಹೇಳುತ್ತಾರೆ. ಇದಕ್ಕೆ ಉಷ್ಣಮಾಪಕವನ್ನು ಕೊಳ್ಳಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಮೇಲೇರಿದಂತೆಲ್ಲ ನೀರು ಕುದಿಯುವ ಶಾಖವು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು ನೂರಕ್ಕೆ ಬದಲಾಗಿ 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮದರಾಸಿನ ಗೃಹಿಣಿ ಕುದಿಯುವ ನೀರನ್ನು ಒಂದು ನಿಮಿಷ ಆರಿಸಬೇಕಾದಲ್ಲಿ ಮೈಸೂರಿನ ಗೃಹಿಣಿ ಪಾತ್ರೆಯನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ತಡೆದರೆ ಸಾಕು. ಊರಿನ ಎತ್ತರವೂ ನಮ್ಮ ಕಾಫಿಗೆ ಇಷ್ಟು ಸಹಾಯ ಮಾಡುತ್ತಿರುವುದನ್ನು ನಾವು ನೆನೆಯುವುದೇ ಇಲ್ಲ.

ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಬಗೆಬಗೆಯ ಕಾಫಿಗಳನ್ನು ಪರೀಕ್ಷಿಸೋಣ. ಎಲ್ಲಕ್ಕಿಂತ ಹಳೆಯದು ಕುದಿಸುವ ಬಗೆ. ದೇವನೂರಿನ ಕಡೆಯ ಬೆಲ್ಲದ ಕಾಫಿಯು ಈ ಜಾತಿಗೆ ಸೇರಿದ್ದು. ನೀರಿಗೆ ಬೆಲ್ಲದ ಅಚ್ಚನ್ನು ಒಡೆದು ಹಾಕಿ ಕುದಿಸುತ್ತಾರೆ. ಕಸವಿದ್ದರೆ ಮೇಲೆ ಬಂದುದನ್ನು ತೆಗೆಯುತ್ತಾರೆ. ಬೆಲ್ಲ ಕರಗಿ ನೀರು ಮರಳಿದ ಮೇಲೆ ಪುಡಿಯನ್ನು ಹಾಕಿ, ಒಂದು ಸಲ ಉಕ್ಕು ಬಂದೊಡನೆ ಪಾತ್ರೆಯನ್ನು ಇಳಿಸಿ ಮುಚ್ಚಿಡುತ್ತಾರೆ. ಮೇಲಕ್ಕೆ ಒಂದಿಷ್ಟು ತಣ್ಣೀರು ಚಿಮುಕಿಸಿದರೆ ಪುಡಿಯು ತಳಕ್ಕಿಳಿಯುತ್ತದೆ. ನಾಲ್ಕೈದು ನಿಮಿಷದ ಮೇಲೆ ಬಟ್ಟೆಯಲ್ಲಿ ಸೋಸಿ ಹಾಲು ಬೆರಸುತ್ತಾರೆ. ಹಾಲನ್ನು ಕಡೆಯಲ್ಲಿ, ಒಲೆಯಿಂದ ಇಳಿಸಿದ ಮೇಲೆಯೇ ಬೆರಸಬೇಕು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುವುದರಿಂದ ಬೆಲ್ಲದೊಡನೆ ಕುದಿಸಿದ ಹಾಲು ಒಡೆಯುತ್ತದೆ. ಹಾಲಿಲ್ಲದ ಮನೆಯಲ್ಲಿ ಹಾಗೆಯೇ ಕುಡಿಯುತ್ತಾರೆ. ಕಾಫಿಯನ್ನು ತಾವೇ ಬೆಳೆಯುವ ಕೊಡಗಿನವರೂ ಬೆಲ್ಲ ಹಾಕಿದ ಕಪ್ಪು ಕಾಫಿಯನ್ನು ಪ್ರೀತಿಯಿಂದ ಕುಡಿಯುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು.

ಈಗ ನಮ್ಮ ಕೋಲಿನಿಂದ ಅಳೆದು ನೋಡಿ. ಪುಡಿಯು ಕುದಿಯುವ ಶಾಖದಲ್ಲಿ ಒಂದು ಕ್ಷಣವಿದ್ದು, ಆಮೇಲೆ ಆರುತ್ತಿರುವ ನೀರಿನಲ್ಲಿ ನಾಲ್ಕೈದು ನಿಮಿಷ ನೆನೆಯಿತು. ಇದರಲ್ಲಿ ಶಾಸ್ತ್ರಕ್ಕೆ ವಿರೋಧವಾದುದು ಯಾವುದೂ ಇಲ್ಲ. ಹಾಗಾದರೆ ಹಳ್ಳಿಯ ಕಾಫಿ ಕಷಾಯವೆಂಬ ಅಪವಾದವು ಹೇಗೆ ಬಂದಿತು? ಒಲೆಯಿಂದ ಇಳಿಸದಿರುವುದರಿಂದ ಬಂದಿತು. ಮುಂಜಾನೆ ಮಾಡಿದ ಕಾಫಿಯನ್ನು ಹೊಲಕ್ಕೆ ಹೋಗುವವರು, ಹೊಲದಿಂದ ಬರುವವರು, ಹೊತ್ತಾಗಿ ಏಳುವವರು ಎಲ್ಲರಿಗೂ ಇರಲೆಂದು ಪುಡಿಯೊಡನೆಯೇ ಕೆಂಡದ ಮೇಲೆ ಬಿಟ್ಟರೆ, ಮೂವತ್ತು ಭಾಗವೂ ಇಳಿದು ಕಹಿಯೇ ಉಳಿಯುತ್ತದೆ. ತಪ್ಪು ಬೆಲ್ಲದ್ದಲ್ಲ, ಕುದಿಸುವ ಬಗೆಯದೂ ಅಲ್ಲ, ಹೊತ್ತಿನದು. ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ ಮುಚ್ಚಿಟ್ಟರೆ ಆ ದೋಷವು ಬಹುಮಟ್ಟಿಗೆ ಹೋಗುತ್ತದೆ. ಪಟ್ಟಣದ ಮನೆಯಲ್ಲಿ ಬೆಳಗಿನ ಡಿಕಾಕ್ಷನ್ನನ್ನು ಮಧ್ಯಾಹ್ನ ಅನಿಲದ ಒಲೆಯ ಮೇಲೆ ಮರಳಿ ಕುದಿಸುವುದೂ ಇದೇ ತಪ್ಪಿನ ಇನ್ನೊಂದು ರೂಪವೆಂಬುದನ್ನು ಮರೆಯಬಾರದು.

ಕುದಿಸುವ ಬಗೆಯು ಕೀಳಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಕರೆಯುತ್ತೇನೆ. ತುರುಕಿ ದೇಶದಲ್ಲಿ ವಿಭೂತಿಯಷ್ಟು ನುಣ್ಣನೆಯ ಪುಡಿಯನ್ನು ಹಿಡಿಯುಳ್ಳ ಪುಟ್ಟ ತಾಮ್ರದ ಪಾತ್ರೆಯಲ್ಲಿ ಸಕ್ಕರೆಯೊಡನೆ ಕಾಯಿಸಿ, ನೊರೆಯೆದ್ದೊಡನೆ ಇಳಿಸಿ, ಸೋಸದೆ ಬಟ್ಟಲಿಗೆ ಬಗ್ಗಿಸುತ್ತಾರೆ. ಗಸಿಯು ತಳದಲ್ಲಿ ನಿಲ್ಲುತ್ತದೆ. ಯುನೆಸ್ಕೋ ಸಂಸ್ಥೆಯು 2013ರಲ್ಲಿ ಈ ಕಾಫಿಯ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿ ಪರಂಪರೆಯಾದುದು ಇಲ್ಲಿ ನಾಚಿಕೆಯಾಗುವುದೇಕೆ?

ಎರಡನೆಯದು ಇಳಿಸುವ ಬಗೆ, ಎಂದರೆ ನಮ್ಮ ಫಿಲ್ಟರು. ಕುದಿಸಿದರೆ ಪರಿಮಳವು ಆವಿಯೊಡನೆ ಹಾರಿಹೋಗುವುದೆಂದು ಯೂರೋಪಿನವರು ಎರಡು ಶತಮಾನಗಳ ಹಿಂದೆಯೇ ಆಕ್ಷೇಪಿಸತೊಡಗಿದರು. ಸುಮಾರು 1800ರಲ್ಲಿ ಪ್ಯಾರಿಸಿನಲ್ಲಿ ಎರಡು ಅಂತಸ್ತಿನ ಪಾತ್ರೆಯೊಂದು ಬಳಕೆಗೆ ಬಂದಿತು. ಮೇಲಿನ ಪಾತ್ರೆಯ ತಳದಲ್ಲಿ ರಂಧ್ರಗಳು, ಅದರಲ್ಲಿ ಪುಡಿ, ಮೇಲಿನಿಂದ ಬಿಸಿನೀರು. ಶಾಖದ ಸ್ವರೂಪವನ್ನು ಕುರಿತ ಪರೀಕ್ಷೆಗಳಿಂದ ವಿಜ್ಞಾನದಲ್ಲಿ ಹೆಸರಾದ ಕೌಂಟ್ ರಮ್‌ಫರ್ಡ್ ಎಂಬವರು 1812ರಲ್ಲಿ ಕಾಫಿಯ ಮೇಲೆಯೇ ಒಂದು ಪ್ರಬಂಧವನ್ನು ಬರೆದು, ಕುದಿಸದೆ ಇಳಿಸುವುದೇ ಸರಿಯೆಂದು ವಾದಿಸಿದರು. ನಮ್ಮ ಹಿತ್ತಾಳೆಯ ಫಿಲ್ಟರು ಇದೇ ತತ್ತ್ವದ್ದು. ಅದನ್ನು ಈಗ ಹೆಚ್ಚಾಗಿ ಉಕ್ಕಿನಲ್ಲಿ ಮಾಡುತ್ತಾರೆ. ಹಿತ್ತಾಳೆಯದಾದರೆ ಒಳಗಡೆ ಕಲಾಯಿ ಇರಲೇಬೇಕು, ಏಕೆಂದರೆ ಕಾಫಿಯ ಹುಳಿಯು ಬರಿಯ ಹಿತ್ತಾಳೆಯನ್ನು ತಿನ್ನುತ್ತದೆ.

ಫಿಲ್ಟರಿನ ವಿಶೇಷವೇನೆಂದರೆ, ಅದು ಕುಡಿಯುವ ಕಾಫಿಯನ್ನು ಕೊಡುವುದಿಲ್ಲ. ಹಾಲು ಬೆರಸುವುದಕ್ಕೆ ತಕ್ಕ ಗಟ್ಟಿ ಡಿಕಾಕ್ಷನ್ನನ್ನು ಕೊಡುತ್ತದೆ. ಆದಕಾರಣ ಪ್ರಮಾಣವೂ ಬೇರೆ. ಪುಡಿ 30 ಗ್ರಾಮಾದರೆ ನೀರು 180ರಿಂದ 200 ಮಿಲಿಲೀಟರು, ಎಂದರೆ ಒಂದಕ್ಕೆ ಆರೇಳು ಪಾಲು. ಪುಡಿಯು ಚಿರೋಟಿ ರವೆಗಿಂತ ತುಸು ನುಣ್ಣಗಿರಬೇಕು. ಮೇಲಿನ ಪಾತ್ರೆಗೆ ಪುಡಿಯನ್ನು ಹಾಕಿ ಮಟ್ಟ ಮಾಡಿ, ನಡುವೆ ಹಿಡಿಕೆಯುಳ್ಳ ರಂಧ್ರದ ಬಿಲ್ಲೆಯನ್ನು ಮೆಲ್ಲಗೆ ಇಡಬೇಕು. ಬಿಲ್ಲೆಯನ್ನು ಒತ್ತಿಹಿಡಿದರೆ ನೀರು ಇಳಿಯುವುದೇ ಇಲ್ಲ. ಇಡದೆ ಹೋದರೆ ನೀರು ಒಂದೇ ಕಡೆ ಹಳ್ಳ ತೋಡಿಕೊಂಡು ಓಡಿಹೋಗಿ, ಒಂದು ಭಾಗದ ಪುಡಿ ಕಹಿಯನ್ನು ಬಿಟ್ಟರೆ ಇನ್ನೊಂದು ಭಾಗ ನೆನೆದೇ ಇರುವುದಿಲ್ಲ. ಮೊದಲು ನಾಲ್ಕು ಚಮಚೆ ನೀರು ಹಾಕಿ ಅರ್ಧ ನಿಮಿಷ ಬಿಡುವುದು ಒಳ್ಳೆಯದು. ಹೊಸದಾಗಿ ಹುರಿದ ಪುಡಿಯಾದರೆ ಅದು ಉಬ್ಬಿ ಗುಳ್ಳೆಗಳನ್ನು ಬಿಡುತ್ತದೆ. ಹುರಿಯುವಾಗ ಬೀಜದೊಳಗೆ ಸೇರಿಕೊಂಡ ಇಂಗಾಲಾಮ್ಲವಾಯುವು ಹೊರಕ್ಕೆ ಹೋಗುವ ಲಕ್ಷಣವಿದು. ಅದು ಹೋದಮೇಲೆಯೇ ನೀರಿಗೆ ಒಳಕ್ಕೆ ದಾರಿ. ಉಬ್ಬದ ಪುಡಿಯು ಹಳೆಯ ಪುಡಿಯೆಂದು ತಿಳಿಯಬಹುದು. ಆಮೇಲೆ ಮಿಕ್ಕ ನೀರನ್ನು ಹಾಕಿ ಮುಚ್ಚಿ ಹತ್ತು ಹದಿನೈದು ನಿಮಿಷ ಅದರ ಪಾಡಿಗೆ ಬಿಡಬೇಕು. ಅವಸರದಿಂದ ಫಿಲ್ಟರಿನ ತಲೆಯನ್ನು ತಟ್ಟುವುದು ನಮ್ಮ ಮನೆಗಳಲ್ಲಿ ಗಂಡಸರು ಕಾಫಿಗೆ ಮಾಡುವ ಏಕಮಾತ್ರ ಸಹಾಯ. ಅದರಿಂದ ಡಿಕಾಕ್ಷನ್ ಬೇಗ ಬರುವುದಿಲ್ಲ, ಗಸಿ ಬರುತ್ತದೆ.

ಅದೇ ಚರಟಕ್ಕೆ ಮತ್ತೆ ನೀರು ಹಾಕಿ ತೆಗೆಯುವ ಎರಡನೆಯ ಡಿಕಾಕ್ಷನ್ನಿನ ವಿಷಯದಲ್ಲಿ ನಾನು ಕಠಿನವಾಗಿ ಮಾತನಾಡಲಾರೆ. ಪುಡಿಯ ಬೆಲೆಯನ್ನೂ ಮನೆಯ ಮಂದಿಯನ್ನೂ ಲೆಕ್ಕಹಾಕುವವಳಿಗೆ ಅದರ ಅಗತ್ಯ ಗೊತ್ತು. ಒಳ್ಳೆಯ ರಸಗಳು ಮೊದಲನೆಯದರಲ್ಲಿಯೇ ಹೋಗಿರುವುದರಿಂದ, ಎರಡನೆಯದನ್ನೇ ಬೇರೆಯಾಗಿ ಒಬ್ಬರಿಗೆ ಕೊಡುವ ಬದಲು ಮೊದಲನೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರಸಿ ಎಲ್ಲರಿಗೂ ಕೊಡುವುದು ನ್ಯಾಯ. ಸಾಮಾನ್ಯವಾಗಿ ಆ ಎರಡನೆಯದು ಯಾರ ಪಾಲಿಗೆ ಬರುತ್ತದೆಂಬುದನ್ನು, ಕೊನೆಯಲ್ಲಿ ಕಾಫಿ ಕುಡಿಯುವವರು ಯಾರೆಂದು ಯೋಚಿಸಿ, ಕೇಳುವವರು ತಮ್ಮ ತಮ್ಮ ಮನೆಯಲ್ಲಿ ನೋಡಿಕೊಳ್ಳಬಹುದು.

ಇಳಿಸುವ ಬಗೆಯಲ್ಲಿಯೇ ಕಾಗದದ ಫಿಲ್ಟರೊಂದುಂಟು. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿಯು ಕಾಫಿಯ ಗಸಿಗೆ ಬೇಸತ್ತು, ಮಗನ ಶಾಲೆಯ ಪುಸ್ತಕದಿಂದ ಒತ್ತುಕಾಗದವನ್ನು ತೆಗೆದು, ತೂತುಮಾಡಿದ ಹಿತ್ತಾಳೆಯ ಪಾತ್ರೆಯಲ್ಲಿ ಹಾಸಿ ಕಾಫಿಯನ್ನು ಸೋಸಿದಳು. ಇಂದು ಲೋಕದಲ್ಲೆಲ್ಲ ಹರಡಿರುವ ಒಂದು ಉದ್ಯಮಕ್ಕೆ ಆ ಕಾಗದವೇ ಮೂಲ. ಕಾಗದವು ಗಸಿಯನ್ನು ಮಾತ್ರವಲ್ಲದೆ ಕಾಫಿಯ ಎಣ್ಣೆಯನ್ನೂ ತಡೆಯುತ್ತದೆ. ಆ ಎಣ್ಣೆಯಲ್ಲಿ ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸುವ ಪದಾರ್ಥವಿದೆಯೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕುದಿಸಿ ಕಾಗದದಲ್ಲಿ ಸೋಸದೆ ಕುಡಿಯುವ ನಾರ್ವೆ ದೇಶದವರಲ್ಲಿ ಇದನ್ನು 1980ರ ದಶಕದಲ್ಲಿ ಗಮನಿಸಿದರು. ವೈದ್ಯರ ಎಚ್ಚರಿಕೆಗೆ ಒಳಗಾದವರು ಈ ಬಗೆಯನ್ನು ಹಿಡಿಯಬಹುದು. ಪ್ರಮಾಣವು ಒಂದಕ್ಕೆ ಹದಿನೈದು ಹದಿನಾರು ಪಾಲು ನೀರು, ಹೊತ್ತು ಮೂರು ನಾಲ್ಕು ನಿಮಿಷ. ಇದು ತಿಳಿಯಾದ ಕಾಫಿ, ಹಾಲಿಲ್ಲದೆ ಕುಡಿಯಬೇಕಾದುದು. ಇದಕ್ಕೆ ಹಾಲು ಹಾಕಿದವರು ಕಾಫಿಯನ್ನೂ ಹಾಲನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಮೂರನೆಯದು ನೆನೆಯಿಸುವ ಬಗೆ. ಬನ್ಸಿ ರವೆಯಷ್ಟು ತರಿಯಾದ ಪುಡಿಯನ್ನು ಗಾಜಿನ ಪಾತ್ರೆಯಲ್ಲಿ ನಾಲ್ಕು ನಿಮಿಷ ಬಿಸಿನೀರಿನಲ್ಲಿ ನೆನೆಯಿಸಿ, ಜಾಲರಿಯ ಒತ್ತುಗೆಯಿಂದ ಚರಟವನ್ನು ತಳಕ್ಕೆ ಒತ್ತುವುದು. ಇದಕ್ಕೆ ಫ್ರೆಂಚ್ ಪ್ರೆಸ್ ಎಂದು ಹೆಸರಾದರೂ, 1929ರಲ್ಲಿ ಇದಕ್ಕೆ ಸನ್ನದು ಪಡೆದವರು ಇಟಲಿಯವರು. ಯೋಚಿಸಿ ನೋಡಿದರೆ ಇದು ಬಟ್ಟೆಗೆ ಬದಲು ಜಾಲರಿಯುಳ್ಳ, ಬೆಲ್ಲವಿಲ್ಲದ, ದೇವನೂರಿನ ಕಾಫಿಯೇ ಆಗಿದೆ. ಇದೇ ಜಾತಿಯಲ್ಲಿ ತಣ್ಣೀರಿನ ಕಾಫಿಯೂ ಉಂಟು: ಶಾಖವಿಲ್ಲದ ಕೊರತೆಯನ್ನು ಹೊತ್ತು ತುಂಬುತ್ತದೆ. ತರಿ ಪುಡಿಯ ಒಂದು ಪಾಲಿಗೆ ಎಂಟು ಪಾಲು ತಣ್ಣೀರು ಹಾಕಿ, ಮುಚ್ಚಿ, ಶೀತಲಪೆಟ್ಟಿಗೆಯಲ್ಲಿ ಹನ್ನೆರಡರಿಂದ ಹದಿನಾರು ಗಂಟೆ ಇಟ್ಟು ಸೋಸಿದರೆ ಹುಳಿಯೂ ಕಹಿಯೂ ಕಡಮೆಯಾದ ಮೃದುವಾದ ಪಾನೀಯವು ಸಿದ್ಧವಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಿಗೆ ಇದು ಯೋಗ್ಯವಾದುದು.

ನಾಲ್ಕನೆಯದು ಆವಿಯ ಒತ್ತಡದ ಬಗೆ. 1933ರಲ್ಲಿ ಇಟಲಿಯ ಬಿಯಾಲೆಟ್ಟಿ ಎಂಬವರ ಕಾರ್ಖಾನೆಯಿಂದ ಹೊರಟ ಮೋಕಾ ಪಾತ್ರೆಯಲ್ಲಿ ನೀರು ಕೆಳಗೆ, ಪುಡಿ ನಡುವೆ, ಕಾಫಿ ಮೇಲೆ. ಕೆಳಗಿನ ಆವಿಯು ಬಿಸಿನೀರನ್ನು ಪುಡಿಯ ಮೂಲಕ ಮೇಲಕ್ಕೆ ನೂಕುತ್ತದೆ. ಹೋಟೆಲುಗಳ ಎಸ್‌ಪ್ರೆಸೋ ಯಂತ್ರದ ಒತ್ತಡವು ವಾಯುಮಂಡಲದ ಒತ್ತಡದ ಒಂಬತ್ತರಷ್ಟಾದರೆ ಇದರದು ಒಂದೆರಡರಷ್ಟು. ಆದರೂ ಹಾಲಿಗೆ ತಕ್ಕ ಗಟ್ಟಿ ಕಾಫಿ ಐದು ನಿಮಿಷದಲ್ಲಿ ಬರುತ್ತದೆ. ಗೊರಗೊರ ಶಬ್ದವು ಕೇಳಿದೊಡನೆ ಇಳಿಸಬೇಕು. ಇಳಿಸದಿದ್ದರೆ ಮತ್ತೆ ಕಷಾಯವೇ.

ಐದನೆಯದನ್ನು ಬಗೆಯೆಂದು ಕರೆಯಬಹುದೋ ಇಲ್ಲವೋ ತಿಳಿಯದು. ಕರಗುವ ಕಾಫಿಯೆಂದರೆ ಕಾಫಿಯ ಪುಡಿಯಲ್ಲ, ಒಣಗಿಸಿದ ಡಿಕಾಕ್ಷನ್. ಕಾರ್ಖಾನೆಯಲ್ಲಿ ಹೆಚ್ಚಿನ ಶಾಖ ಮತ್ತು ಒತ್ತಡಗಳಿಂದ, ಮನೆಯಲ್ಲಿ ಸಾಧ್ಯವಿಲ್ಲದಷ್ಟು ಅಂಶವನ್ನು ಬೀಜದಿಂದ ಸೆಳೆದು, ನೀರನ್ನು ಆವಿಮಾಡಿ ತೆಗೆದುಬಿಡುತ್ತಾರೆ. ನೆಸ್ಕೆಫೆ ಎಂಬ ಹೆಸರಿನಲ್ಲಿ ಇದು 1938ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ಅದೇ ಕಂಪೆನಿಯ ಕಾರ್ಖಾನೆಯೊಂದು 1989ರಲ್ಲಿ ನಂಜನಗೂಡಿನಲ್ಲಿಯೇ ಸ್ಥಾಪಿತವಾಯಿತು. ದೇವನೂರಿನ ತಾಲ್ಲೂಕಿನಲ್ಲಿಯೇ ತಯಾರಾಗುವ ಪುಡಿಯು ಹೊಳೆಯುವ ಪೊಟ್ಟಣದಲ್ಲಿ ಕುಳಿತು ಪಟ್ಟಣದ ಕಾಫಿಯೆಂಬ ಗೌರವವನ್ನು ಸಂಪಾದಿಸಿಕೊಂಡು ಹಳ್ಳಿಯ ಅಂಗಡಿಗೆ ಹಿಂತಿರುಗುತ್ತದೆ! ಅವಸರಕ್ಕೆ, ಪ್ರಯಾಣಕ್ಕೆ, ಒಂಟಿಯಾಗಿರುವವರಿಗೆ ಅದು ಉಪಯುಕ್ತವೇ ಸರಿ. ಆದರೆ ನೆಂಟರ ಮುಂದೆ ಬೆಲ್ಲದ ಕಾಫಿಯನ್ನು ಮರೆಮಾಡಿ ಅದನ್ನಿಡುವುದು, ಮನೆಯಲ್ಲಿ ಬಿಸಿ ರೊಟ್ಟಿಯಿರುವಾಗ ಅಂಗಡಿಯ ಬ್ರೆಡ್ಡನ್ನು ಬಡಿಸಿದಂತೆ.

ಯಾವ ಬಗೆಯನ್ನು ಹಿಡಿದರೂ ಪುಡಿ ಕೆಟ್ಟದ್ದಾದರೆ ಫಲವಿಲ್ಲ. ಬೀಜದ ಜಾತಿಗಳಲ್ಲಿ ಅರಾಬಿಕಾ ಪರಿಮಳಕ್ಕೆ, ರೊಬಸ್ಟಾ ಗಟ್ಟಿತನಕ್ಕೆ. ರೊಬಸ್ಟಾದಲ್ಲಿ ಕೆಫೀನು ಹೆಚ್ಚುಕಡಮೆ ಇಮ್ಮಡಿ. ಹಾಲಿನ ಕಾಫಿಗೆ ಎರಡನ್ನೂ ಬೆರಸುವುದುಂಟು. ಹಿಂದೆ ಹಸಿ ಬೀಜವನ್ನು ಕೊಂಡು ಮನೆಯಲ್ಲಿಯೇ ಹುರಿದು ಕೈಯಂತ್ರದಲ್ಲಿ ಬೀಸುತ್ತಿದ್ದರು. ಹುರಿಯುವ ಮನೆಯನ್ನು ಬೀದಿಗೆಲ್ಲ ಸಾರುತ್ತಿದ್ದ ಆ ವಾಸನೆ ಈಗ ಅಪರೂಪ. ಹುರಿಯಲಾರದವರು ಹುರಿದ ಬೀಜವನ್ನು ತಂದು ಬೇಕಾದಾಗ ಬೀಸಿಕೊಳ್ಳಬಹುದು. ಅದೂ ಆಗದವರು ಪುಡಿಯನ್ನು ವಾರಕ್ಕೆ ಬೇಕಾದಷ್ಟೇ ತಂದು ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಬೀಜದಲ್ಲಿ ವಾರಗಟ್ಟಲೆ ನಿಲ್ಲುವ ಪರಿಮಳವು ಪುಡಿಯಲ್ಲಿ ಕೆಲವೇ ದಿನ ನಿಲ್ಲುತ್ತದೆ.

ಚಿಕೋರಿಯನ್ನು ಕುರಿತು ಒಂದು ಮಾತು. ಅದು ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತು ಮತ್ತು ಉತ್ತರಪ್ರದೇಶಗಳಲ್ಲಿ ಬೆಳೆಯುತ್ತದೆ. ಅದರಲ್ಲಿ ಕೆಫೀನು ಇಲ್ಲ. ಹತ್ತಿಪ್ಪತ್ತು ಪಾಲು ಬೆರಸಿದರೆ ಡಿಕಾಕ್ಷನ್ನಿಗೆ ಬಣ್ಣವೂ ಮಂದತ್ವವೂ ಬರುತ್ತವೆಂಬುದು ನಿಜ. ಹೆಚ್ಚಾದಾಗ ಕೊಳ್ಳುವವನು ಕಾಫಿಯ ಬೆಲೆ ಕೊಟ್ಟು ಬೇರನ್ನು ತರುತ್ತಾನೆ. ನಮ್ಮ ಕಾನೂನು ನೂರಕ್ಕೆ 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚುಹಾಕಬೇಕೆಂದೂ ವಿಧಿಸಿದೆ. ಆ ಅಕ್ಷರಗಳನ್ನು ಓದಿ ಕೊಳ್ಳಿರಿ. ಬಿಡಿಯಾಗಿ ಕೊಂಡ ಪುಡಿಯಲ್ಲಿ ಸಂಶಯ ಬಂದರೆ ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿಯು ತೇಲುತ್ತದೆ, ಚಿಕೋರಿಯು ಕಂದು ಗೆರೆಗಳನ್ನು ಬಿಡುತ್ತ ತಳಕ್ಕಿಳಿಯುತ್ತದೆ.

ನೀರಿನ ಗುಣವನ್ನು ಪಟ್ಟಣದವರು ಮರೆಯುತ್ತಾರೆ. ಲೋಟದಲ್ಲಿರುವುದರಲ್ಲಿ ಬಹುಭಾಗ ನೀರೇ. ಕೊಳವೆಬಾವಿಯ ಗಡಸು ನೀರಿನ ಸುಣ್ಣದ ಅಂಶವು ಕಾಫಿಯ ನವುರಾದ ಹುಳಿಯನ್ನು ಅಡಗಿಸಿ ರುಚಿಯನ್ನು ಮೊಂಡುಮಾಡುತ್ತದೆ. ಮೆದುವಾದ ಹೊಳೆಯ ನೀರಿನಲ್ಲಿ ಅದೇ ಪುಡಿ ಅರಳುತ್ತದೆ. ಹಾಲನ್ನು ಹೊಸದಾಗಿ ಒಂದು ಸಲ ಕಾಯಿಸಿ, ಡಿಕಾಕ್ಷನ್ನನ್ನು ಬೆಂಕಿಗೆ ತೋರಿಸದೆ, ಬಿಸಿ ಹಾಲಿನೊಡನೆ ಬೆರಸಿದರೆ ಸಾಕು. ತಣ್ಣಗಾದ ಡಿಕಾಕ್ಷನ್ನಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬಹುದು.

ಇಷ್ಟರಿಂದ ನನ್ನ ಮೊದಲಿನ ಪ್ರಶ್ನೆಗೆ ಉತ್ತರವು ಬಂದಂತಾಯಿತು. ಮೇಲು ಕೀಳೆಂಬುದು ಬಗೆಯಲ್ಲಿಲ್ಲ, ಪಾತ್ರೆಯಲ್ಲಿಲ್ಲ, ಬೆಲ್ಲ ಸಕ್ಕರೆಗಳಲ್ಲಿಲ್ಲ; ಹೊತ್ತರಿತು ಕೈ ತಡೆಯುವುದರಲ್ಲಿದೆ. ಆದರೆ ಈ ಉತ್ತರದಿಂದ ಎಲ್ಲವೂ ಮುಗಿಯಿತೆಂದರೆ ನಾವು ನಮ್ಮನ್ನೇ ವಂಚಿಸಿಕೊಂಡಂತೆ. ಹಳ್ಳಿಯ ಮನೆಯ ಕಾಫಿಯನ್ನು ಬೇಡವೆನ್ನುವವರೆಲ್ಲರೂ ನಾಲಗೆಯ ಕಾರಣದಿಂದಲೇ ಬೇಡವೆನ್ನುತ್ತಾರೆಯೇ? ಈ ಪಾನೀಯವು ನಮ್ಮಲ್ಲಿ ಹರಡಿದ ಕಾಲದಲ್ಲಿ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿಯಿದ್ದಿತು. ಎಷ್ಟೋ ಊರುಗಳಲ್ಲಿ ದಲಿತರ ಲೋಟವು ಹೊರಗಡೆ ಬೇರೆಯಾಗಿರುತ್ತಿತ್ತು, ಕುಡಿದವನೇ ಅದನ್ನು ತೊಳೆದಿಡಬೇಕಾಗಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾನೂನು ಅದನ್ನು ಆಚರಿಸುವವರಿಗೆ ಶಿಕ್ಷೆಯನ್ನು ವಿಧಿಸಿತು. ಕಾನೂನು ಹೋಟೆಲಿನ ಲೋಟದವರೆಗೆ ಹೋಗಬಲ್ಲದು. ಇನ್ನೊಬ್ಬರ ಮನೆ ಹೊಕ್ಕ ಅತಿಥಿಯ ಮನಸ್ಸಿನೊಳಕ್ಕೆ ಹೋಗಲಾರದು. “ಈಗ ತಾನೆ ಆಯಿತು”, “ನಾನು ಕಾಫಿ ಬಿಟ್ಟಿದ್ದೇನೆ”, “ಬೆಲ್ಲ ನನಗೆ ಒಗ್ಗುವುದಿಲ್ಲ” ಎಂಬ ಸಭ್ಯವಾದ ಮಾತುಗಳ ಹಿಂದೆ ಆ ಹಳೆಯ ಲೋಟವು ಅವಿತುಕೊಂಡಿರುವುದುಂಟು. ಹೇಳುವವನಿಗೆ ಅದು ತಿಳಿಯದಿರಬಹುದು. ಲೋಟ ಹಿಡಿದು ನಿಂತವಳಿಗೆ ತಿಳಿಯದೆ ಇರುವುದಿಲ್ಲ. ಆಕೆಯ ಸಂಕೋಚವು ಬೆಲ್ಲದಿಂದ ಮಾತ್ರ ಹುಟ್ಟಿದ್ದಲ್ಲ.

ಆದುದರಿಂದ, ಕಾಫಿ ಮಾಡುವ ಬಗೆಗಳನ್ನು ಹೇಳಹೊರಟವನು ಕುಡಿಯುವ ಬಗೆಯನ್ನೂ ಒಂದಿಷ್ಟು ಹೇಳದೆ ವಿಧಿಯಿಲ್ಲ. ಪುಡಿಯು ನುಣ್ಣಗಿರಲಿ ತರಿಯಾಗಿರಲಿ, ಪಾತ್ರೆಯು ಇಟಲಿಯದಾಗಿರಲಿ ಮಣ್ಣಿನದಾಗಿರಲಿ, ಕೊಡುವವರ ಕೈಯಿಂದ ತೆಗೆದುಕೊಳ್ಳುವವರ ಕೈಗೆ ಲೋಟವು ನೇರವಾಗಿ ಬರುವವರೆಗೆ ಕಾಫಿಯು ಪೂರ್ತಿಯಾಗಿ ಆದಂತಲ್ಲ. ನಿಮ್ಮ ಮನೆಯ ಫಿಲ್ಟರನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಒಂದು ಭಾನುವಾರ ಒಂದು ಅಚ್ಚು ಬೆಲ್ಲವನ್ನು ತಂದು, ಮೇಲೆ ಹೇಳಿದ ಕ್ರಮದಲ್ಲಿ, ಒಲೆಯಿಂದ ಸಕಾಲದಲ್ಲಿ ಇಳಿಸಿ ಮಾಡಿ ನೋಡಿರಿ. ರುಚಿಯ ವಿಚಾರವು ಅಲ್ಲಿಗೆ ಇತ್ಯರ್ಥವಾಗುತ್ತದೆ. ಅನಂತರ ಯಾವುದಾದರೂ ಊರಿನಲ್ಲಿ, ಯಾವುದಾದರೂ ಕೇರಿಯಲ್ಲಿ, ಯಾರಾದರೂ ಲೋಟವನ್ನು ಮುಂದೆ ಚಾಚಿ ‘ಒಗ್ಗುತ್ತೋ ಇಲ್ವೋ’ ಎಂದಾಗ, ಎರಡು ಕೈಗಳಿಂದ ತೆಗೆದುಕೊಂಡು, ಬಿಸಿಯಾಗಿರುವಾಗಲೇ ಕುಡಿಯಿರಿ.